ನನ್ನ ಹೆಸರಿನ ಲೋಟ

ಜನರ ಮುಂದೆ ಹಾಡುವುದಕ್ಕೆ ನನಗೆ ಹೆದರಿಕೆಯಿಲ್ಲ. ಹಾಡಿ ಮುಗಿಸಿ ಕೆಳಗಿಳಿದು, ಬಾಗಿಲ ಹತ್ತಿರ ಒಂದು ಮೇಜು ಹಾಕಿಕೊಂಡು, ಅದರ ಮೇಲೆ ನನ್ನ ಹೆಸರಿರುವ ಸಾಮಾನು ಜೋಡಿಸಿ, ಅದರ ಹಿಂದೆ ನಗುತ್ತ ಕೂರುವುದಿದೆಯಲ್ಲ, ಅದಕ್ಕೆ ಹೆದರಿಕೆ. ಹಾಡುವಾಗ ಕಣ್ಣು ಮುಚ್ಚಿಕೊಳ್ಳಬಹುದು. ಕೇಳುವವರು ತನ್ಮಯತೆ ಎಂದುಕೊಳ್ಳುತ್ತಾರೆ. ಮೇಜಿನ ಹಿಂದೆ ಕಣ್ಣು ಮುಚ್ಚಿ ಕೂತರೆ ನಿದ್ದೆ ಎಂದುಕೊಳ್ಳುತ್ತಾರೆ. ಕಣ್ಣು ಬಿಟ್ಟು ಕೂತರೋ, ಎದುರಿಗೆ ಬಂದವರು ಸಾಮಾನನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಇದ್ದಲ್ಲೇ ಇಟ್ಟು ಹೋಗುವುದನ್ನು ನೋಡಬೇಕು. ಮನುಷ್ಯರನ್ನೇ ಎತ್ತಿ ನೋಡಿ ಇಟ್ಟುಹೋದ ಹಾಗಿರುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುವ ಟೀಚರ್. ಹೆಸರು ರೇಣುಕಾ. ಉಳಿದ ಹೊತ್ತಿನಲ್ಲಿ ಸ್ವತಂತ್ರ ಗಾಯಕಿ. ಸ್ವತಂತ್ರ ಎಂಬ ಮಾತು ಕೇಳಲು ಗಂಭೀರವಾಗಿದೆ. ಅದರ ಅರ್ಥ ಇಷ್ಟೇ, ಯಾರೂ ಕರೆದಿಲ್ಲ. ನಾನೇ ಬರೆಯುತ್ತೇನೆ, ನಾನೇ ರಾಗ ಹಾಕುತ್ತೇನೆ, ನಾನೇ ಹಾಡಿ ಫೋನಿನಲ್ಲಿ ಹರಿಬಿಡುತ್ತೇನೆ, ಆಮೇಲೆ ಯಾರಾದರೂ ಕೇಳಿದರೋ ಎಂದು ನಾನೇ ಗಳಿಗೆಗೊಮ್ಮೆ ನೋಡುತ್ತೇನೆ. ನಮ್ಮ ಬೀದಿಯವರಿಗೆ ಇದು ಸರಿಯಾಗಿ ಅರ್ಥವಾಗಿಲ್ಲ. ಭಾವಗೀತೆಯೋ ದೇವರನಾಮವೋ ಎಂದು ಕೇಳುತ್ತಾರೆ. ಎರಡೂ ಅಲ್ಲ ಎಂದರೆ, ಪರವಾಗಿಲ್ಲ, ಮುಂದೆ ಸರಿಹೋಗುತ್ತದೆ ಎಂದು ಧೈರ್ಯ ಹೇಳುತ್ತಾರೆ. ದ್ರಾಕ್ಷಿ ಚಪ್ಪರದ ತಂತಿಯ ಮೇಲೆ ಒಂದು ಹಾಡಿದೆ, ಗೌರಿಬಿದನೂರಿನ ರೈಲಿನ ಕಿಟಕಿಯ ಮೇಲೆ ಒಂದು, ರೇಷ್ಮೆಹುಳುವಿನ ಮೇಲೆ ಒಂದು. ಹುಳುವಿನ ಹಾಡನ್ನು ಜನ ಸ್ವಲ್ಪ ಕೇಳಿದರು. ಸ್ವಲ್ಪ ಎಂದರೆ, ಅದರಲ್ಲಿ ಅರ್ಧ ನಾನೇ ಇದ್ದಿರಬಹುದು.

ಹೋದ ವರ್ಷದ ಕೊನೆಗೆ ನನ್ನ ಧ್ವನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದರೆ ಗಾಳಿ ಮಾತ್ರ ಬರುತ್ತಿತ್ತು. ಗಂಟಲಿನ ಡಾಕ್ಟರು ಒಂದು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಸ್ವರ ಹೊರಡುವ ಜಾಗದಲ್ಲಿ ಒಂದು ಗಂಟು ಬೆಳೆದಿದೆ ಎಂದರು. ಹಾಡಿ ಹಾಡಿ ಬಂದಿರಬೇಕು ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನ ಕೆಲಸ ಏನೆಂದು ವಿಚಾರಿಸಿ, ಇದು ಕೂಗಿ ಕೂಗಿ ಬಂದದ್ದು ಎಂದರು. ಕಲೆಗಾಗಿ ಗಂಟಲು ಕಳೆದುಕೊಂಡೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. ಎಂಟನೇ ಕ್ಲಾಸಿನ ಬಿ ಸೆಕ್ಷನ್ನನ್ನು ಸುಮ್ಮನಿರಿಸುವುದರಲ್ಲಿ ಕಳೆದುಕೊಂಡೆ. ಕೆಲವು ವಾರ ಒಂದು ಮಾತೂ ಆಡದೆ ಇದ್ದು ನೋಡೋಣ, ಕರಗದಿದ್ದರೆ ತೆಗೆಯಬೇಕಾಗುತ್ತದೆ, ತೆಗೆದ ಮೇಲೆ ಧ್ವನಿ ಮೊದಲಿನಂತೆ ಬರುತ್ತದೆಂದು ಮಾತು ಕೊಡಲಾರೆ ಎಂದರು. ಒಪ್ಪಿಕೊಂಡಿದ್ದ ಒಂದು ಕಾರ್ಯಕ್ರಮ ಬಾಕಿ ಇತ್ತು, ಶಿಡ್ಲಘಟ್ಟದಲ್ಲಿ. ಅದೊಂದು ಹಾಡಿ ಬಾಯಿ ಮುಚ್ಚುತ್ತೇನೆ ಎಂದು ಬೇಡಿಕೊಂಡೆ.

ಅವತ್ತಿನಿಂದ ನನಗೆ ಒಂದೇ ಯೋಚನೆ. ಧ್ವನಿ ಹೋದರೆ ನನ್ನದು ಅಂತ ಉಳಿಯುವುದು ಏನು? ಫೋನಿನಲ್ಲಿರುವುದನ್ನು ನಾನು ನಂಬುವುದಿಲ್ಲ. ಅಲ್ಲಿ ಇವತ್ತು ಇದ್ದದ್ದು ನಾಳೆ ಸಾವಿರ ಕೋಳಿಸಾರಿನ ವಿಡಿಯೋಗಳ ಕೆಳಗೆ ಹೂತುಹೋಗುತ್ತದೆ. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಬೇಕು, ಯಾರದಾದರೂ ಮನೆಯಲ್ಲಿ ಇರುವಂಥದ್ದು.

ನನ್ನ ಜೊತೆ ಗಿಟಾರ್ ನುಡಿಸುವ ಅಬ್ಬಾಸ್‌ಗೆ ಇದನ್ನು ಹೇಳಿದಾಗ ಅವನಿಗೆ ಖುಷಿಯೋ ಖುಷಿ. ಅವನು ಅಲೀಪುರದವನು, ಮನೆಯಲ್ಲಿ ಉಂಗುರದ ಕಲ್ಲುಗಳಿಗೆ ಹೊಳಪು ಕೊಡುವ ಕೆಲಸ. ಯಾವ ಒರಟು ವಸ್ತುವನ್ನು ಕಂಡರೂ ಇದನ್ನು ಉಜ್ಜಿದರೆ ಹೊಳೆಯುತ್ತದೆ ಎಂದು ನಂಬುವ ಸ್ವಭಾವ. ನನ್ನ ವಿಷಯದಲ್ಲೂ ಅದೇ ನಂಬಿಕೆ. "ಅಕ್ಕಾ, ನಾನು ಯಾವಾಗ್ಲಿಂದ ಹೇಳ್ತಿದೀನಿ, ಮರ್ಚ್ ಮಾಡಣ ಅಂತ. ಆದ್ರೆ ಮೀನಿಂಗ್‌ಫುಲ್ ಆಗಿರ್ಬೇಕು, ಸುಮ್ನೆ ಏನೋ ಒಂದು ಅಲ್ಲ" ಎಂದ. ಮರ್ಚ್ ಎಂದರೆ ಹಾಡುಗಾರರು ತಮ್ಮ ಹೆಸರು ಹಾಕಿ ಮಾರುವ ಬಟ್ಟೆ, ಬಟ್ಟಲು, ಚೀಲ ಇತ್ಯಾದಿ. ದೊಡ್ಡ ಊರಿನವರು ಹಾಡಿಗಿಂತ ಅದರಲ್ಲೇ ಬದುಕುತ್ತಾರಂತೆ.

ಅರ್ಥವಿರುವ ವಸ್ತುವನ್ನು ಹುಡುಕಲು ಕೂತಾಗಲೇ ಗೊತ್ತಾಗುವುದು, ಲೋಕದಲ್ಲಿ ಅರ್ಥವಿಲ್ಲದ ವಸ್ತು ಎಷ್ಟಿದೆ ಎಂದು. ಟೀಶರ್ಟ್ ಮಾಡೋಣವೆಂದರೆ, ನಮ್ಮ ಸೀಮೆಯಲ್ಲಿ ಅಕ್ಷರವಿರುವ ಟೀಶರ್ಟಿನ ಗತಿ ನನಗೆ ಗೊತ್ತು. ಗೊಬ್ಬರದ ಕಂಪನಿಯದು, ಚುನಾವಣೆಯದು, ಕ್ರಿಕೆಟ್ ಪಂದ್ಯದ್ದು, ಎಲ್ಲವೂ ವರ್ಷದೊಳಗೆ ನೆಲ ಒರೆಸುವ ಬಟ್ಟೆಯಾಗುತ್ತವೆ. ನನ್ನ ಹೆಸರಿನ ಮೇಲೆ ಫಿನಾಯಿಲ್ ಬೀಳುವುದನ್ನು ನೆನೆದು ಬೇಡವೆಂದೆ. ಪಿಂಗಾಣಿ ಮಗ್ ಎಂದರೆ, ನಮ್ಮಲ್ಲಿ ಅದರಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ, ಪೆನ್ನು ನಿಲ್ಲಿಸುತ್ತಾರೆ. ಕೀ ಚೈನ್ ಎಂದರೆ ಬೀಗದ ಕೈ ಕಳೆದಾಗಲೆಲ್ಲ ನನ್ನನ್ನು ಬೈಯುತ್ತಾರೆ. ಹೀಗೆ ಒಂದೊಂದನ್ನೂ ಕಳೆಯುತ್ತ ಕಳೆಯುತ್ತ ಕೊನೆಗೆ ಉಳಿದದ್ದು ಸ್ಟೀಲ್ ಲೋಟ.

ಲೋಟ ಹೊಳೆದ ಕ್ಷಣ ನನಗೆ ನಿಜಕ್ಕೂ ರೋಮಾಂಚನವಾಯಿತು. ಒಡೆಯುವುದಿಲ್ಲ, ಹರಿಯುವುದಿಲ್ಲ, ದಿನಕ್ಕೆರಡು ಸಲ ತುಟಿಗೆ ತಾಗುತ್ತದೆ. ಮೇಲಾಗಿ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮವರ ರಕ್ತದಲ್ಲೇ ಇದೆ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಗುಂಯ್ ಎನ್ನುವ ಆ ಸಣ್ಣ ಮಷಿನ್ನಿನ ಸದ್ದು ಕೇಳದೆ ನಮ್ಮಲ್ಲಿ ಒಂದು ಮದುವೆಯೂ ಆಗಿಲ್ಲ, ಒಂದು ಗೃಹಪ್ರವೇಶವೂ ಆಗಿಲ್ಲ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಊರಿನ ಯಾವ ಅಡುಗೆಮನೆಯ ಯಾವ ರಾಶಿಯಿಂದಲೂ ತನ್ನ ಬೋಗುಣಿಯನ್ನು ಬೆರಳು ಸವರಿಯೇ ಗುರುತು ಹಿಡಿಯುತ್ತಿದ್ದಳು. ಅವಳ ಪೂರ್ತಿ ಹೆಸರು ಬರೆದಿದ್ದ ಜಾಗ ಲೋಕದಲ್ಲಿ ಎರಡೇ, ರೇಷನ್ ಕಾರ್ಡು ಮತ್ತು ಆ ಬೋಗುಣಿ. ಮಾತಾಡಿಸುವವರೆಲ್ಲ ಅವಳನ್ನು ಯಾರದೋ ಹೆಂಡತಿ, ಯಾರದೋ ತಾಯಿ ಎನ್ನುತ್ತಿದ್ದರು. ಬೋಗುಣಿ ಮಾತ್ರ ಅವಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಪಾತ್ರೆಗೆ ಹೆಸರು ಹಾಕಿಸುವುದು ಅದು ಎಲ್ಲಿಗೆ ಹೋದರೂ ನಮ್ಮ ಮನೆಗೇ ವಾಪಸು ಬರಲಿ ಎಂದು. ನನಗೋ, ನನ್ನ ಹೆಸರಿನ ಲೋಟ ಹೋದ ಮನೆಯಲ್ಲೇ ಉಳಿಯಲಿ ಎಂಬ ಆಸೆ. ಇದರ ಬಗ್ಗೆ ಒಂದು ಉಪನ್ಯಾಸವನ್ನೇ ಅಬ್ಬಾಸ್‌ಗೆ ಕೊಟ್ಟೆ. ಅವನು ಸೂಪರ್ ಅಕ್ಕ ಎಂದು ಚಿಂತಾಮಣಿಯ ಪಾತ್ರೆ ಅಂಗಡಿಗೆ ಹೋದ.

ಏನು ಕೆತ್ತಿಸಬೇಕು ಎಂಬುದಕ್ಕೆ ನಾನು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಅಕ್ಷರ ತಪ್ಪಾಗಬಾರದು, ಬಹಳ ದೊಡ್ಡದಾಗಿ ಜಂಭ ಅನ್ನಿಸಬಾರದು, ತೊಳೆಯುವಾಗ ಕೈ ಗೀರಬಾರದು. ಕೊನೆಗೆ ಕಾರ್ಯಕ್ರಮದ ತಾರೀಖು ಹಾಕಿ, ಅದರ ಕೆಳಗೆ 'ಗಾಯಕಿ ರೇಣುಕಾ, ನೆನಪಿಗಾಗಿ' ಎಂದು ಬರೆಸಿದೆವು. ನೂರು ವಿಷಯಕ್ಕೆ ಹೆದರುವವರಿಗೆ ಒಂದು ತೊಂದರೆಯಿದೆ. ನೂರೊಂದನೆಯದು ಕಣ್ಣಿಗೆ ಬೀಳುವುದಿಲ್ಲ.

ಶಿಡ್ಲಘಟ್ಟದ ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ. ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಮನೆಯ ಹೆಂಗಸರು, ಮೇಷ್ಟರುಗಳು, ಕಾಲೇಜು ಹುಡುಗಿಯರು ಬಂದಿದ್ದರು. ಬಾಗಿಲಲ್ಲಿ ಮೇಜು, ಬಿಳಿ ಬಟ್ಟೆ, ಮೇಲೆ ಲೋಟಗಳ ಸಾಲು. ಮಧ್ಯದಲ್ಲಿ ಇರಲಿ ಎಂದು ಅಬ್ಬಾಸ್ ನನ್ನ ಹಳೆಯ ಒಂದು ಕಪ್ಪು ಬಿಳುಪು ಫೋಟೋಗೆ ಫ್ರೇಮ್ ಹಾಕಿಸಿ ತಂದಿದ್ದ. ಅದರಲ್ಲಿ ನಾನು ದೂರ ಎಲ್ಲೋ ನೋಡುತ್ತಿದ್ದೇನೆ. ಬೆಲೆ ಬರೆದಿಡು ಎಂದು ಅವನು ಹೇಳಿದ, ನನಗೆ ಮುಜುಗರವಾಯಿತು, ಕೇಳಿದವರಿಗೆ ಹೇಳಿದರಾಯಿತು ಎಂದೆ. ಸೊಳ್ಳೆ ಹೆಚ್ಚಿದ್ದವು. ಅವನೇ ಮೇಜಿನ ಮೇಲೆ ಎರಡು ಊದುಬತ್ತಿ ಹಚ್ಚಿಟ್ಟ. ವೇದಿಕೆಗೆ ಹೋದ ಕೂಡಲೇ ನನಗೆ ಸೇವಂತಿಗೆ ಹಾರ ಹಾಕಿದರು. ಹಾರ ಹಾಕಿಸಿಕೊಂಡ ತಕ್ಷಣ ತೆಗೆಯುವುದು ನಮ್ಮಲ್ಲಿ ವಿನಯ. ತೆಗೆದು ಅಬ್ಬಾಸ್ ಕೈಗೆ ಕೊಟ್ಟೆ. ಅವನು ಅದನ್ನು ಎಲ್ಲಿಡುವುದೆಂದು ತಿಳಿಯದೆ, ಬಾಡಬಾರದಲ್ಲ ಎಂದು, ಬಾಗಿಲಲ್ಲಿದ್ದ ನನ್ನ ಫೋಟೋಗೆ ತೂಗುಹಾಕಿ ಬಂದ.

ಹಾಡು ಚೆನ್ನಾಗಿಯೇ ಆಯಿತು. ಧ್ವನಿ ಎರಡು ಕಡೆ ಒಡೆಯಿತು, ಹುಳುವಿನ ಹಾಡಿನಲ್ಲಿ ಒಡೆದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಮುಗಿಸಿ ಬಂದು ಮೇಜಿನ ಹಿಂದೆ ನಿಂತೆ. ವಯಸ್ಸಾದ ಒಬ್ಬರು ಬಂದರು, ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ಓದಿದರು, ಕಣ್ಣಿಗೊತ್ತಿಕೊಂಡರು. ಇಂಥ ಗೌರವವನ್ನು ಯಾವ ದೊಡ್ಡ ಊರಿನ ಹಾಡುಗಾರರು ಕಂಡಿದ್ದಾರೆ?

"ಯಾವಾಗಮ್ಮ ಹೋಗಿದ್ದು?" ಎಂದು ಅವರು ಮೆಲ್ಲಗೆ ಕೇಳಿದರು.

ಯಾರು ಎಂದೆ. ಅವರು ಹಾರದ ಫೋಟೋವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ನಿಮ್ಮಕ್ಕ ಇರ್ಬೇಕು. ಮುಖ ಹಂಗೇ ಇದೆ" ಎಂದರು.

ಆಗ ಮೇಜನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ನಮ್ಮ ಕಡೆ ಒಬ್ಬರು ತೀರಿಕೊಂಡರೆ ವೈಕುಂಠ ಸಮಾರಾಧನೆಯ ದಿನ ಊಟ ಮಾಡಿ ಹೊರಡುವವರಿಗೆಲ್ಲ ಬಾಗಿಲಲ್ಲಿ ಒಂದೊಂದು ಲೋಟವನ್ನೋ ಡಬ್ಬಿಯನ್ನೋ ಕೊಡುತ್ತಾರೆ. ಅದರ ಮೇಲೆ ಹೋದವರ ಹೆಸರು, ತಾರೀಖು, ನೆನಪಿಗಾಗಿ ಎಂಬ ಮಾತು. ಪಕ್ಕದಲ್ಲಿ ಹಾರ ಹಾಕಿದ ಫೋಟೋ, ಊದುಬತ್ತಿ. ಅದನ್ನು ಬೇಡ ಅನ್ನುವ ಹಾಗಿಲ್ಲ, ಬೆಲೆ ಕೇಳುವ ಹಾಗಂತೂ ಇಲ್ಲವೇ ಇಲ್ಲ. ನಮ್ಮ ಮನೆಯಲ್ಲೇ ಅಂಥ ಹತ್ತೆಂಟು ಪಾತ್ರೆಗಳಿವೆ. ನಾವು ಕಂಡೇ ಇರದ ಯಾರೋ ಹೆಡ್‌ಮಾಸ್ಟರ ಲೋಟದಲ್ಲಿ ನಾನು ದಿನವೂ ನೀರು ಕುಡಿಯುತ್ತೇನೆ. ಹೀಗೆಲ್ಲ ಗೊತ್ತಿದ್ದೂ ನನ್ನ ಸಮಾರಾಧನೆಯನ್ನು ನಾನೇ ಮುಂದೆ ನಿಂತು ಚೊಕ್ಕವಾಗಿ ಮಾಡಿಸಿದ್ದೆ. ಬಂದವರೆಲ್ಲ ಹೋದ ರೇಣುಕಮ್ಮನ ಹಾಡುಗಳನ್ನು ಅವಳ ತಂಗಿ ಹಾಡುತ್ತಿದ್ದಾಳೆ ಎಂದು ತಿಳಿದು ಕೇಳಿದ್ದರು. ಕಣ್ಣೊರೆಸಿಕೊಂಡದ್ದು ಅದಕ್ಕೆ.

ನಾನು ಆ ಹಿರಿಯರಿಗೆ ವಿಷಯ ವಿವರಿಸಿ, ಅವರು ನಾಲಿಗೆ ಕಚ್ಚಿಕೊಂಡು, ನನ್ನ ದೃಷ್ಟಿ ತೆಗೆದು ಹೋಗುವಷ್ಟರಲ್ಲಿ, ಮೇಜಿನ ಇನ್ನೊಂದು ಕಡೆಯಿಂದ ಲೋಟಗಳೆಲ್ಲ ಹೊರಟುಹೋಗಿದ್ದವು. ಒಬ್ಬೊಬ್ಬರೂ ಒಂದೊಂದೇ ತೆಗೆದುಕೊಂಡು, ಫೋಟೋಗೆ ಕೈ ಮುಗಿದು, ಸದ್ದಿಲ್ಲದೆ ಹೋಗಿದ್ದರು. ಗಿಟಾರ್ ಕಟ್ಟಿಟ್ಟು ಬಂದ ಅಬ್ಬಾಸ್ ಖಾಲಿ ಮೇಜು ನೋಡಿ, ನಾವು ಗೆದ್ದೆವೆಂದು ಕುಣಿದ. ಅವನ ಕಡೆಯವರ ಮನೆಗಳಲ್ಲಿ ಈ ಲೋಟದ ಪದ್ಧತಿ ಇಲ್ಲ. ವಿಷಯ ಗೊತ್ತಾದ ಮೇಲೆ ಅವನ ಮುಖ ನೋಡಲಾಗಲಿಲ್ಲ.

ಮಾರನೆಯ ದಿನದಿಂದ ನನ್ನ ಮೌನ ಶುರುವಾಯಿತು, ಅಮ್ಮನ ಮಾತು ಶುರುವಾಯಿತು. ಮಾದರಿಗೆಂದು ತಂದಿಟ್ಟುಕೊಂಡಿದ್ದ ಒಂದು ಲೋಟ ಅವಳ ಕೈಗೆ ಸಿಕ್ಕಿತ್ತು. "ಬದುಕಿರೋರ ಹೆಸ್ರಿಗೆ ಯಾರಾದ್ರೂ ನೆನಪಿಗಾಗಿ ಅಂತ ಹಾಕಿಸ್ತಾರೇನೇ? ಅದೂ ಗಂಟಲು ಹಿಂಗಿರೋವಾಗ?" ಎಂದಳು. ನಾನು ಉತ್ತರ ಕೊಡುವ ಹಾಗಿರಲಿಲ್ಲ. ಅವಳು ಹಿತ್ತಿಲಲ್ಲಿ ಕೂತು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಆ ಅಕ್ಷರಗಳನ್ನು ಉಜ್ಜಿದಳು. ಉಜ್ಜಿದಷ್ಟೂ ಅವು ಫಳಫಳ ಹೊಳೆದವು. ಆಮೇಲೆ ಲೋಟ ಕೆಳಗಿಟ್ಟು ಅತ್ತಳು. ಅಮ್ಮ ಅಳುವುದನ್ನು ಕಂಡು ನನಗೂ ಹೆದರಿಕೆ ಹತ್ತಿತು. ಅಲ್ಲಿಯವರೆಗೆ ಅದೊಂದು ನಗೆಪಾಟಲು ಅಷ್ಟೇ ಎಂದುಕೊಂಡಿದ್ದೆ. ಬಾಯಿ ಕಟ್ಟಿಕೊಂಡು ಕೂತವರಿಗೆ ಯೋಚನೆಗೆ ಮಾತ್ರ ಸಮಯ ಸಿಗುತ್ತದೆ. ಜನ ತಪ್ಪು ತಿಳಿದರೋ, ಅಥವಾ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನೇ ಸರಿಯಾಗಿ ಓದಿದರೋ ಎಂದು ಅನ್ನಿಸತೊಡಗಿತು. ಧ್ವನಿ ಹೋಗುತ್ತದೆ ಎಂಬ ಭಯಕ್ಕೇ ಅಲ್ಲವೇ ನಾನು ಲೋಟ ಮಾಡಿಸಿದ್ದು? ಹೋದವಳ ಹಾಗೆ ಯೋಚಿಸಿದ್ದೆ, ಹೋದವಳ ಹಾಗೆ ಕಂಡೆ.

ಅಮ್ಮನಿಗೆ ಆ ಲೋಟಗಳೆಲ್ಲ ವಾಪಸು ಬೇಕಾಗಿದ್ದವು. ಶಿಡ್ಲಘಟ್ಟದ ಮನೆಮನೆಗೂ ಹೋಗಿ ಕೇಳಲಾದೀತೇ? ಅಬ್ಬಾಸ್ ಫೋನಿನಲ್ಲಿ ಹಾಕೋಣವೇ ಎಂದ. ನಾನು ಮಾತಿಗೆ ಬದಲು ಇಟ್ಟುಕೊಂಡಿದ್ದ ಸ್ಲೇಟಿನಲ್ಲಿ ಬೇಡ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ. ಕೊನೆಗೆ ಅಮ್ಮ ನನಗಾಗಿ ಕೈವಾರದ ದೇವಸ್ಥಾನಕ್ಕೆ ಹರಕೆ ಹೊತ್ತು, ನನ್ನನ್ನೂ ಕರೆದುಕೊಂಡು ಹೋದಳು.

ಕೈವಾರದಲ್ಲಿ ದರ್ಶನ ಮುಗಿಸಿ ಬಂದಾಗ ಬಿಸಿಲು ಸುಡುತ್ತಿತ್ತು, ಬಸ್ಸು ಹೋಗಿಬಿಟ್ಟಿತ್ತು. ಅಲ್ಲೇ ಊರ ಅಂಚಿನಲ್ಲಿ ನಮ್ಮ ಅತ್ತೆಯ ಕಡೆಯ ದೂರದ ನೆಂಟರು, ಸಾವಿತ್ರಮ್ಮ ಅಂತ ಇದ್ದಾರೆ ಎಂದು ಅಮ್ಮನಿಗೆ ನೆನಪಾಯಿತು. ರೇಷ್ಮೆ ಸಾಕುವ ಮನೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೊರಗಿಸಿ ಒಣಹಾಕಿದ್ದರು. ಸಾವಿತ್ರಮ್ಮ ಜಗಲಿಯಲ್ಲಿ ಮೊಮ್ಮಗಳಿಗೆ ಊಟ ಮಾಡಿಸುತ್ತಿದ್ದರು. ಮಗು ಬಾಯಿ ಬಿಗಿ ಹಿಡಿದು ಕೂತಿತ್ತು. ಅಮ್ಮ ನಮ್ಮ ಪುಟ್ಟಿ ಎಂದು ನನ್ನ ಮನೆಯ ಹೆಸರು ಹೇಳಿ ಪರಿಚಯಿಸಿದಳು. ಅವರು ಒಳಗಿನಿಂದ ಕಾಫಿ ತಂದು ಕೊಟ್ಟರು. ತುಟಿಗಿಡುವ ಮೊದಲು ಲೋಟದ ಮೇಲಿನ ಕೆತ್ತನೆ ಬೆರಳಿಗೆ ತಾಗಿತು. ತಿರುಗಿಸಿ ನೋಡಿದೆ. ಗಾಯಕಿ ರೇಣುಕಾ, ನೆನಪಿಗಾಗಿ.

ನಾನು ಅಮ್ಮನ ಕಡೆ ನೋಡುವಷ್ಟರಲ್ಲಿ ಸಾವಿತ್ರಮ್ಮ ಮಗುವಿನ ಮುಂದೆ ತುತ್ತು ಹಿಡಿದು ಹಾಡಲು ಶುರುಮಾಡಿದ್ದರು.

ಎಳೆ ಎಳೆಯ ಸುತ್ತಿ ಸುತ್ತಿ ಮನೆ ಕಟ್ಟಿದೆಯಲ್ಲೋ ಹುಳುವೆ,
ಬಾಗಿಲೊಂದು ಇಡುವುದನ್ನೆ ಮರೆತೆಯಲ್ಲೋ ಹುಳುವೆ.

ನನ್ನ ರಾಗವೇ, ಸ್ವಲ್ಪ ಜೋಲಿ ಹೊಡೆಯುತ್ತಿತ್ತು. ನನ್ನ ಹಾಡು ಅಲ್ಲಿಗೆ ನಿಲ್ಲುತ್ತದೆ. ಚಿಟ್ಟೆ ಹೊರಬಂದರೆ ನೂಲು ತುಂಡಾಗುತ್ತದೆಂದು ಗೂಡನ್ನು ಮೊದಲೇ ಬಿಸಿನೀರಿಗೆ ಹಾಕುತ್ತಾರಲ್ಲ, ಅದಕ್ಕೆ ನಾನು ಮುಂದೆ ಬರೆದಿರಲಿಲ್ಲ. ಹಾಗೆ ನಿಲ್ಲಿಸಿದ್ದೇ ಕಲೆ ಎಂದು ನನ್ನ ನಂಬಿಕೆ. ಸಾವಿತ್ರಮ್ಮ ನಿಲ್ಲಿಸಲಿಲ್ಲ.

ಬಾಗಿಲ್ಯಾಕೆ, ರೆಕ್ಕೆ ಬಂತು, ಹಾರಿ ಬಂದೆ ತಾಯಿ.

ತಾಯಿ ಎನ್ನುವಾಗ ಮಗು ಬಾಯಿ ತೆರೆಯಿತು, ತುತ್ತು ಒಳಗೆ ಹೋಯಿತು.

ಈ ಹಾಡು ಎಲ್ಲಿ ಸಿಕ್ಕಿತು ಎಂದು ಅಮ್ಮ ಕೇಳಿದಳು. ಸೊಸೆ ಶಿಡ್ಲಘಟ್ಟದಲ್ಲಿ ಕೇಳಿ ಬಂದು ಕಲಿಸಿದಳಂತೆ, ಲೋಟವನ್ನೂ ತಂದಳಂತೆ. "ಯಾರೋ ರೇಣುಕಮ್ಮ ಅಂತೆ, ಪುಣ್ಯಾತ್ಗಿತ್ತಿ. ತಾನು ಹೋದ್ರೂ ಇದೊಂದು ಬಿಟ್ಟೋದ್ಲು. ಇದಿಲ್ದಿದ್ರೆ ಈ ಮಗು ಒಂದು ತುತ್ತೂ ಮುಟ್ಟಲ್ಲ. ಮೊದ್ಲು ಬಾಗ್ಲು ಹತ್ರಾನೇ ನಿಂತೋಗಿತ್ತು, ಇವ್ಳು ಹುಳ ಎಲ್ಲಿ ಅಂತ ಅಳೋದು. ಅದಕ್ಕೆ ನಾನೇ ಹೊರಗೆ ಬಿಟ್ಟೆ" ಎಂದರು.

ಅಮ್ಮನ ಮುಖ ಕೆಂಪಾಯಿತು. "ಹೋಗಿಲ್ಲ ಕಣಮ್ಮ. ಇವಳೇ ರೇಣುಕಾ. ಹಾಡು ನನ್ನ ಮಗಳದ್ದು."

ಸಾವಿತ್ರಮ್ಮ ನನ್ನನ್ನು ಬೆರಗಿನಿಂದ ನೋಡಿ, ಎಲ್ಲಿ ಒಂದು ಸಾಲು ಹೇಳಮ್ಮ ಎಂದರು. ನಾನು ಗಂಟಲು ತೋರಿಸಿ ತಲೆಯಾಡಿಸಿದೆ. ಡಾಕ್ಟರು ಮಾತಾಡಬಾರದು ಅಂದಿದ್ದಾರೆ ಎಂದು ಅಮ್ಮ ಹೇಳಿದಳು. ಅವಳಿಗೇ ಅದು ಸುಳ್ಳಿನ ಹಾಗೆ ಕೇಳಿಸಿರಬೇಕು, ಧ್ವನಿ ಇಳಿಯಿತು. ಸಾವಿತ್ರಮ್ಮ ಅನ್ನದ ಕೈಯನ್ನು ದೂರ ಹಿಡಿದು ಇನ್ನೊಂದು ಕೈಯಿಂದ ನನ್ನ ತಲೆ ಸವರಿದರು.

"ಇರ್ಲಿ ಬಿಡಮ್ಮ" ಎಂದರು. "ನಂಗೂ ಹಂಗೇ ಆಗುತ್ತೆ. ಹೇಳ್ತಾ ಹೇಳ್ತಾ ನಂದೇ ಏನೋ ಅನ್ನಿಸ್ಬಿಡುತ್ತೆ."

ನನಗೆ ಒಂದು ಕ್ಷಣ ಸಿಟ್ಟು ಬಂತು. ನನ್ನದು, ನನ್ನದು ಎಂದು ಸ್ಲೇಟಿನಲ್ಲಿ ಬರೆದು ತೋರಿಸಬೇಕೆನ್ನಿಸಿತು, ಆ ಮೂರನೆಯ ಸಾಲನ್ನು ತೆಗೆಸಬೇಕೆನ್ನಿಸಿತು. ಅಷ್ಟರಲ್ಲಿ ಮಗು ಮತ್ತೆ ಬಾಯಿ ಬಿಗಿ ಹಿಡಿಯಿತು, ಸಾವಿತ್ರಮ್ಮ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮೂರನೆಯ ಸಾಲಿಗೆ ಬಂದಾಗ ನನ್ನ ತುಟಿಯೂ ಅವರ ಜೊತೆ ಸದ್ದಿಲ್ಲದೆ ಅಲ್ಲಾಡುತ್ತಿರುವುದನ್ನು ಅಮ್ಮ ನೋಡಿದಳು. ಹೊರಡುವಾಗ ಆ ಲೋಟವನ್ನು ಅವಳು ವಾಪಸು ಕೇಳಲಿಲ್ಲ. ಅವಳೇ ತೊಳೆದು, ಅವರ ಅಡುಗೆಮನೆಯ ಗೋಡೆಗೂಡಿನಲ್ಲಿ ಬೇರೆ ಲೋಟಗಳ ಜೊತೆ ಬೋರಲು ಹಾಕಿ ಬಂದಳು.

ಇದನ್ನು ಬರೆಯುತ್ತಿರುವಾಗಲೂ ನಾನು ಮಾತಾಡುತ್ತಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಗಂಟು ಕರಗಿರಬಹುದು, ಇಲ್ಲದಿರಬಹುದು. ನನಗೆ ಹೆದರಿಕೆಯಾಗುತ್ತಿದೆ, ಆಗುತ್ತಿಲ್ಲ ಎಂದು ಬರೆದರೆ ನೀವು ನಂಬುವುದೂ ಇಲ್ಲ. ಆದರೆ ಅವರು ಏನೇ ಹೇಳಲಿ, ಕೈವಾರದ ಆ ಮಗು ನಾಳೆ ಮಧ್ಯಾಹ್ನ ಊಟ ಮಾಡುತ್ತದೆ.